ನಾನು ವಾಹನ ವ್ಯವಸ್ಥೆ ನೋಡಿಕೊಂಡ ಸಂಜೆ

ಗಂಗಾನಗರದ ನಮ್ಮ ಸಂಗೀತ ಶಾಲೆಯ ವಾರ್ಷಿಕೋತ್ಸವ ಈ ಸಲ ಯಲಹಂಕದ ಒಂದು ಮೈದಾನದಲ್ಲಿ ಎಂದು ತೀರ್ಮಾನವಾಯಿತು. ವಾಹನಗಳ ವ್ಯವಸ್ಥೆ ಯಾರು ನೋಡಿಕೊಳ್ಳುತ್ತೀರಿ ಎಂದು ಸಂಗೀತದ ಮೇಷ್ಟ್ರು ಕೇಳಿದಾಗ, ಸಭೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಮೊಬೈಲಿನಲ್ಲಿ ಏನೋ ತುರ್ತು ಕೆಲಸ ಬಂತು. ನಾನೊಬ್ಬ ಕೈ ಎತ್ತಿದೆ.

ಶಾಲೆಗೂ ನನಗೂ ಇದ್ದ ಸಂಬಂಧ ಇಷ್ಟೇ. ನನ್ನ ಹೆಂಡತಿ ಗಿರಿಜಾ ಆರು ವರ್ಷದಿಂದ ಅಲ್ಲಿ ಹಾಡು ಕಲಿಯುತ್ತಿದ್ದಳು. ಐವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ವೇದಿಕೆಯ ಮೇಲೆ ಒಬ್ಬಳೇ ಹಾಡುವವಳಿದ್ದಳು. ಒಂದೇ ಒಂದು ದೇವರನಾಮ. ಮೂರು ತಿಂಗಳು ಅವಳು ಅದನ್ನು ಅಡುಗೆಮನೆಯಲ್ಲಿ ಹಾಡಿ ಹಾಡಿ ನನಗೂ ಬಾಯಿಪಾಠವಾಗಿತ್ತು.

"ನೀವು ಮುಂದಿನ ಸಾಲಲ್ಲಿ ಕೂತಿರ್ಬೇಕು" ಎಂದಿದ್ದಳು. "ನಿಮ್ಮ ಮುಖ ನೋಡ್ಕೊಂಡು ಹಾಡ್ತೀನಿ. ಇಲ್ದಿದ್ರೆ ನಂಗೆ ಕೈಕಾಲು ನಡುಗುತ್ತೆ."

ಕೂತಿರುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಪೊಲೀಸರ ಅನುಮತಿಯ ಜೊತೆ ಷರತ್ತುಗಳ ಹಾಳೆಯೂ ಬಂತು. ಮುಖ್ಯರಸ್ತೆಯಲ್ಲಿ ಒಂದು ವಾಹನವೂ ನಿಲ್ಲಬಾರದು. ವ್ಯಾಲೆಟ್ ಪಾರ್ಕಿಂಗ್ ಇಟ್ಟುಕೊಂಡರೆ, ಅಂದರೆ ಬಂದವರ ಕಾರನ್ನು ನಮ್ಮ ಡ್ರೈವರುಗಳೇ ಒಯ್ದು ನಿಲ್ಲಿಸುವುದಾದರೆ, ಕಾರುಗಳೆಲ್ಲ ಮೈದಾನದ ಒಳಗೇ ಇರಬೇಕು, ಪ್ರತಿ ಕೀಲಿಗೂ ಟೋಕನ್ ಇರಬೇಕು. ಆ್ಯಪ್ ಕ್ಯಾಬುಗಳು ಗೇಟಿನ ಮುಂದೆ ಯಾರನ್ನೂ ಇಳಿಸುವಂತಿಲ್ಲ, ಹತ್ತಿಸಿಕೊಳ್ಳುವಂತಿಲ್ಲ. ಅದಕ್ಕೆ ಹಿಂಬದಿಯ ರಸ್ತೆ ಗೊತ್ತುಮಾಡಲಾಗಿದೆ.

ಹಾಳೆಯನ್ನು ನಾಲ್ಕು ಸಲ ಓದಿದೆ. ಮೂವತ್ತು ವರ್ಷ ಕಾರ್ಖಾನೆಯ ಸ್ಟೋರ್ಸ್ ನೋಡಿಕೊಂಡವನು ನಾನು. ಸಹಿಯಿಲ್ಲದೆ ಒಂದು ಸ್ಕ್ರೂ ಹೊರಗೆ ಹೋಗಿದ್ದಿಲ್ಲ. ಕಾರು ಏನು ಮಹಾ ಎಂದುಕೊಂಡೆ.

ಕಾರ್ಯಕ್ರಮದ ದಿನ ಮಧ್ಯಾಹ್ನವೇ ಮೈದಾನಕ್ಕೆ ಹೋದೆ. ಬರಬೇಕಾದ ಐದು ಡ್ರೈವರುಗಳಲ್ಲಿ ಮೂವರು ಬಂದಿದ್ದರು. ಗೇಟಿನ ಬಳಿ ಟ್ರಾಫಿಕ್ ಪೊಲೀಸ್ ಒಬ್ಬರು ನಿಂತಿದ್ದರು. ಅವರಿಗೆ ನಾನು ಷರತ್ತುಗಳನ್ನೆಲ್ಲ ಓದಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಗೊತ್ತಾಯಿತು, ಹಾಳೆ ತಂದುಕೊಟ್ಟವರೇ ಅವರು.

ಐದು ಗಂಟೆಗೆ ಗೇಟಿನ ಮುಂದೆ ಒಂದು ಕ್ಯಾಬ್ ಬಂದು ನಿಂತಿತು. ನಾನು ಓಡಿ ಹೋಗಿ ಕೈ ಅಡ್ಡ ಹಿಡಿದೆ. ಹಿಂದಿನ ಗಾಜು ಕೆಳಗಿಳಿಯಿತು. ಒಳಗೆ ರೇಷ್ಮೆ ಸೀರೆ ಉಟ್ಟ ಗಿರಿಜಾ, ಪಕ್ಕದಲ್ಲಿ ಮಂಡಿನೋವಿನ ನಮ್ಮತ್ತೆ.

"ರೀ, ನಾನ್ರೀ" ಎಂದಳು ಗಿರಿಜಾ.

"ಗೊತ್ತು ಕಣೆ. ಹಿಂದಿನ ರೋಡಿಗೆ ಹೋಗಿ ಇಳ್ಕೊಳ್ಳಿ."

ಪೊಲೀಸರು ಹತ್ತಿರ ಬಂದರು. "ವಯಸ್ಸಾದೋರು ಇದ್ದಾರಲ್ಲ ಸಾರ್. ಒಂದ್ನಿಮಿಷ ಇಳಿಸ್ಕೊಂಡ್ಬಿಡಿ, ಪರವಾಗಿಲ್ಲ" ಎಂದರು.

ಕಾನೂನೇ ಕರಗಿತ್ತು. ನಾನು ಕರಗಲಿಲ್ಲ. ಸ್ವಂತ ಹೆಂಡತಿಗೆ ಒಂದು ನ್ಯಾಯ, ಊರಿಗೆ ಒಂದು ನ್ಯಾಯ ಆಗಬಾರದು ಎಂದು, ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆ. ಗಿರಿಜಾ ನನ್ನನ್ನೇ ಒಂದು ಕ್ಷಣ ನೋಡಿ ಗಾಜು ಏರಿಸಿದಳು. ಕ್ಯಾಬ್ ಮುಂದಕ್ಕೆ ಹೋಯಿತು. ಹಿಂಬದಿಯ ರಸ್ತೆ ಒನ್‌ವೇ ಎಂಬುದು, ಅಲ್ಲಿಗೆ ಹೋಗಲು ಫ್ಲೈಓವರ್ ದಾಟಿ ಯು ಟರ್ನ್ ತೆಗೆದುಕೊಂಡು ಬರಬೇಕೆಂಬುದು ಹಾಳೆಯಲ್ಲಿ ಇರಲಿಲ್ಲ.

ಅಷ್ಟರಲ್ಲಿ ಗೇಟಿನ ಒಳಗೆ ಕಾರುಗಳ ಸಾಲು ಬೆಳೆಯಿತು. ಮೂವರು ಡ್ರೈವರುಗಳು ಸಾಲಲಿಲ್ಲ. ಬಾರದ ಡ್ರೈವರೊಬ್ಬನ ಮಿಂಚುವ ಜಾಕೆಟ್ಟನ್ನು ನಾನೇ ಹಾಕಿಕೊಂಡು ಕೀಲಿ ಇಸಿದುಕೊಳ್ಳಲು ನಿಂತೆ. ಟೋಕನಿಗೆ ಎರಡು ಭಾಗ ಇರುತ್ತದೆ. ಒಂದನ್ನು ಹರಿದು ಕಾರಿನವರಿಗೆ ಕೊಡಬೇಕು, ಇನ್ನೊಂದನ್ನು ಕೀಲಿಗೆ ಕಟ್ಟಬೇಕು. ಗಡಿಬಿಡಿಯಲ್ಲಿ ನಾನು ಎರಡು ಭಾಗವನ್ನೂ ಕಾರಿನವರಿಗೇ ಕೊಟ್ಟೆ. ಒಬ್ಬರಿಗಲ್ಲ. ಹನ್ನೊಂದು ಜನರಿಗೆ.

ಇದು ಗೊತ್ತಾದದ್ದು ಕಾರ್ಯಕ್ರಮ ಶುರುವಾದ ಮೇಲೆ. ಒಬ್ಬರು ವಿಮಾನ ಹಿಡಿಯಬೇಕೆಂದು ಬೇಗನೆ ಎದ್ದು ಬಂದು, ಹರಿಯದ ಟೋಕನನ್ನು ನನ್ನ ಕೈಗಿಟ್ಟರು. ನಾನು ಟೋಕನ್ ನೋಡಿದೆ. ಜೇಬಿನಲ್ಲಿದ್ದ ಹೆಸರಿಲ್ಲದ ಹನ್ನೊಂದು ಕೀಲಿಗಳನ್ನು ನೋಡಿದೆ. ನಿಮ್ಮದು ಯಾವ ಕಾರು ಎಂದು ಕೇಳಿದೆ. ಬಿಳಿಯದು ಎಂದರು. ಮೈದಾನದಲ್ಲಿ ಮುಕ್ಕಾಲು ಪಾಲು ಬಿಳಿಯವೇ.

ಇಬ್ಬರೂ ಮೈದಾನದ ತುದಿಯವರೆಗೆ ನಡೆದೆವು. ಒಂದೊಂದೇ ಕೀಲಿಯ ಗುಂಡಿ ಒತ್ತುತ್ತಾ ಹೋದೆ. ಎಲ್ಲೋ ದೂರದಲ್ಲಿ ಒಂದು ಕಾರು ಕಣ್ಣು ಮಿಟುಕಿಸುತ್ತಿತ್ತು. ಅವರದ್ದಲ್ಲ. ಇನ್ನೊಂದು ಒತ್ತಿದರೆ ಪಕ್ಕದ್ದೇ ಕಿರುಚುತ್ತಿತ್ತು. ಅದೂ ಅವರದ್ದಲ್ಲ.

ಏಳನೇ ಕೀಲಿ ಒತ್ತುವಾಗ ಧ್ವನಿವರ್ಧಕದಲ್ಲಿ ಆ ದೇವರನಾಮ ಕೇಳಿಸಿತು. ನಮ್ಮ ಅಡುಗೆಮನೆಯ ದೇವರನಾಮ. ಕಾಲು ಅಲ್ಲೇ ನಿಂತಿತು. ಎಷ್ಟು ಚೆನ್ನಾಗಿ ಹಾಡುತ್ತಿದ್ದಳು. ಎಲ್ಲಿಯೂ ನಡುಕವಿಲ್ಲ. ಮುಂದಿನ ಸಾಲಿನಲ್ಲಿ ಇರಬೇಕಾದ ಮುಖ ಇಲ್ಲಿ, ಕಾರುಗಳ ಮಧ್ಯೆ ಇದೆಯಲ್ಲ ಎಂದುಕೊಂಡೆ. ಕಣ್ಣೀರು ಬಂತು. ಪಕ್ಕದವರು ಮೆಲ್ಲಗೆ, "ಸಾರ್, ನನ್ ಫ್ಲೈಟು" ಎಂದರು. ಒಂಬತ್ತನೇ ಕೀಲಿಗೆ ಅವರ ಕಾರು ಸಿಕ್ಕಿತು.

ಉಳಿದ ಕೀಲಿಗಳನ್ನು ಡ್ರೈವರುಗಳಿಗೆ ಒಪ್ಪಿಸಿ, ಇನ್ನಾದರೂ ಹೋಗಿ ಕೂರೋಣವೆಂದರೆ ಹಿಂಬದಿಯ ರಸ್ತೆಯಿಂದ ಕರೆ ಬಂತು. ಬೇಗ ಹೊರಟವರೆಲ್ಲ, ಕ್ಯಾಬು ಹಿಂಬದಿಯಲ್ಲಿ ಎಂದು ನಾನು ಬರೆಸಿ ಹಾಕಿದ್ದ ಬೋರ್ಡು ನಂಬಿ ಅಲ್ಲಿ ಕಾದಿದ್ದರು. ಕ್ಯಾಬುಗಳು ಮಾತ್ರ ಮ್ಯಾಪ್ ನಂಬಿ ಮುಂದಿನ ಗೇಟಿಗೆ ಬರುತ್ತಿದ್ದವು, ಅಲ್ಲಿ ಪೊಲೀಸರು ಓಡಿಸುತ್ತಿದ್ದರು. ಜನ ಒಂದು ಕಡೆ, ಕ್ಯಾಬು ಇನ್ನೊಂದು ಕಡೆ. ನಾನು ಒಬ್ಬೊಬ್ಬರ ಫೋನ್ ತೆಗೆದುಕೊಂಡು ಡ್ರೈವರುಗಳಿಗೆ ಯು ಟರ್ನಿನ ದಾರಿ ವಿವರಿಸುತ್ತಾ ಮುಕ್ಕಾಲು ಗಂಟೆ ನಿಂತೆ. ಜನರೇಟರಿನ ಸದ್ದಿನಲ್ಲಿ ವೇದಿಕೆಯ ಕಡೆಯಿಂದ ಏನೂ ಕೇಳಿಸುತ್ತಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಗಿರಿಜಾ ಅಮ್ಮನ ಕೈ ಹಿಡಿದುಕೊಂಡು ಬಂದಳು. ಸೀರೆಯ ಅಂಚಿನಲ್ಲಿ ಧೂಳು. ಹೆಚ್ಚು ಮಾತಾಡಲಿಲ್ಲ. ದಣಿದಿದ್ದಾಳೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ, ಮುಂದೆ ಕೂರಲಾಗದಿದ್ದರೂ ಹಾಡು ಪೂರ್ತಿ ಕೇಳಿದೆ, ಅತ್ತೂಬಿಟ್ಟೆ ಎಂದು ಹೇಳಿದೆ. ಆ ಮೇಲಿನ ಸ್ವರಕ್ಕೆ ಅವಳು ಏರಿದ ರೀತಿಯನ್ನು ಬಾಯಿತುಂಬ ಹೊಗಳಿದೆ.

ಗಿರಿಜಾ ಲೋಟ ಕೆಳಗಿಟ್ಟಳು.

"ಅದು ಸರೋಜ ಕಣ್ರೀ."

ಸರೋಜ ಎಂದರೆ ಅವಳ ಜೊತೆ ಕಲಿಯುವವರು. ಕ್ಯಾಬ್ ಫ್ಲೈಓವರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಸುತ್ತಿ ಬಂದು, ಅಮ್ಮನನ್ನು ನಡೆಸಿಕೊಂಡು ಗಿರಿಜಾ ವೇದಿಕೆ ತಲುಪುವಷ್ಟರಲ್ಲಿ ಅವಳ ಸರದಿ ದಾಟಿತ್ತಂತೆ. ಆ ಹಾಡನ್ನು ಮೇಷ್ಟ್ರು ಸರೋಜರಿಂದ ಹಾಡಿಸಿದ್ದರು. ಎಲ್ಲರದ್ದೂ ಮುಗಿದ ಮೇಲೆ ಗಿರಿಜಾ ಬೇರೊಂದು ಹಾಡು ಹಾಡಿದಳು, ಸರಿಯಾಗಿ ಅಭ್ಯಾಸವೂ ಇಲ್ಲದ್ದು.

"ನಡುಗ್ತಾ?" ಎಂದು ಕೇಳಿದೆ.

"ಮೊದಲು ನಡುಗ್ತು. ಆಮೇಲೆ ಅಮ್ಮನ ಮುಖ ನೋಡ್ಕೊಂಡು ಹಾಡ್ದೆ."

ತಪ್ಪಾಯಿತು ಎಂದೆ. ಅವಳು ಒಲೆ ಆರಿಸಿ, ಅಲ್ಲೇ ನೆಲದ ಮೇಲೆ ಕೂತಳು. ಆ ದೇವರನಾಮವನ್ನು ಮೊದಲಿನಿಂದ ಕೊನೆಯವರೆಗೆ ನನ್ನೊಬ್ಬನಿಗಾಗಿ ಹಾಡಿದಳು. ನಾನು ಅಲ್ಲಾಡದೆ ಕೂತು, ಅವಳ ಮುಖವನ್ನೇ ನೋಡುತ್ತಾ ಕೇಳಿದೆ. ಎಲ್ಲವೂ ಸರಿಹೋಗುವ ಹಾಗೇ ಇತ್ತು.

ಹಾಡು ಮುಗಿಯಿತು. ಮನಸ್ಸು ತುಂಬಿ ಬಂದಿತ್ತು. "ಸರೋಜ ಅವರಷ್ಟೇ ಚೆನ್ನಾಗಿತ್ತು" ಎಂದುಬಿಟ್ಟೆ.

ಅಂದು ಮಧ್ಯಾಹ್ನ ಅಡುಗೆಯ ವ್ಯವಸ್ಥೆಯನ್ನೂ ನಾನೇ ನೋಡಿಕೊಂಡೆ.