ದೂರು ಸಂಖ್ಯೆ ಇಪ್ಪತ್ತೇಳು

ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನನ್ನ ಹೆಂಡತಿ ನಾಲ್ಕು ಜನರ ಮುಂದೆ ಹೇಳುವುದುಂಟು. ಅದನ್ನು ಅವಳು ಗುಣವೆಂದು ಹೇಳುವುದಿಲ್ಲ, ನಾನು ವ್ಯಾಪಾರಕ್ಕೆ ನಾಲಾಯಕ್ಕು ಎನ್ನುವುದಕ್ಕೆ ಕಾರಣವೆಂದು ಹೇಳುತ್ತಾಳೆ. ಬಾಯಲ್ಲಿ ಬರುವುದಿಲ್ಲ ಎನ್ನುವುದು ನಿಜ. ನೆಂಟರ ಮದುವೆ ತಪ್ಪಿಸಿಕೊಳ್ಳಲು ಫೋನಿನಲ್ಲಿ ಜ್ವರ ಎನ್ನಬೇಕಾದರೂ ತೊದಲುತ್ತೇನೆ. ಆದರೆ ಕಂಪ್ಯೂಟರಿನ ಪರದೆಯ ಮೇಲೆ ಬಹಳ ಚೊಕ್ಕವಾಗಿ ಸುಳ್ಳು ಹೇಳಬಲ್ಲೆ ಎನ್ನುವುದು ಗಣಿಯ ಸುಗ್ಗಿಯ ವರ್ಷಗಳಲ್ಲಿ ನನಗೇ ಗೊತ್ತಾಯಿತು. ಹೇಳಿದ್ದು ಒಂದೇ ಸುಳ್ಳು. ಅದಕ್ಕೊಂದು ನಂಬರನ್ನೂ ಕೊಟ್ಟಿದ್ದೆ.

ಹೊಸಪೇಟೆಯ ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿ, ಮೊದಲ ಮಹಡಿಯಲ್ಲಿ, ಲಗ್ನಪತ್ರಿಕೆಯನ್ನೂ ಶಾಲೆಗಳ ಪ್ರಶ್ನೆಪತ್ರಿಕೆಯನ್ನೂ ಟೈಪು ಮಾಡಿಕೊಡುವ ಅಂಗಡಿ ನನ್ನದು. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿಗೆ ಹೊರಟಿದ್ದ ಕಾಲ ಅದು. ನಿನ್ನೆ ಸೈಕಲ್ಲಿನಲ್ಲಿ ಬಂದವರು ಇವತ್ತು ಮೆಟ್ಟಿಲ ಕೆಳಗೆ ಜೀಪು ನಿಲ್ಲಿಸಿ, ಮೇಲೆ ಬಂದು, "ನಮಗೂ ಒಂದು ವೆಬ್‌ಸೈಟ್ ಬೇಕರಿ" ಎನ್ನುತ್ತಿದ್ದರು. ಏನಕ್ಕೆ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ನಾನು ಬೋರ್ಡಿನ ತುದಿಯಲ್ಲಿ 'ವೆಬ್ ಡಿಸೈನ್' ಎಂದು ಬರೆಸಿದೆ. ಅದಿರಿನ ಕೆಂಪು ಧೂಳು ಬೋರ್ಡಿನ ಮೇಲೂ ಕೂರುತ್ತಿತ್ತು. ವಾರಕ್ಕೊಮ್ಮೆ ಒರೆಸಿದರೆ ನಾನು ವೆಬ್ ಡಿಸೈನರ್, ಮರೆತರೆ ಏನೂ ಅಲ್ಲ.

ವೆಬ್‌ಸೈಟ್ ಕಟ್ಟುವ ಮುಂಚೆ ಅದರ ನಕ್ಷೆ ತೋರಿಸಬೇಕು ಎಂದು ಎಲ್ಲೋ ಓದಿ, ಆ ಕೆಲಸಕ್ಕೆಂದೇ ಇದ್ದ ಎರಡು ಸಾಫ್ಟ್‌ವೇರುಗಳನ್ನು ಮೂವತ್ತು ದಿನದ ಪುಕ್ಕಟೆ ಪರೀಕ್ಷೆಗೆ ಇಳಿಸಿಕೊಂಡೆ. ಚೌಕಳಿ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ ಅವುಗಳ ಗುಣದೋಷ ಬರೆಯತೊಡಗಿದೆ. ಮೊದಲನೆಯದರಲ್ಲಿ ಏನು ಬರೆದರೂ ಗೆರೆ ಸೊಟ್ಟಗೆ ಬರುತ್ತಿತ್ತು, ಬೇಕೆಂದೇ, ಕೈಯಲ್ಲಿ ಪೆನ್ಸಿಲ್ಲಿನಿಂದ ಗೀಚಿದಂತೆ. ಮನೆ ಕಟ್ಟುವ ಮುಂಚೆ ಸೈಟಿನಲ್ಲಿ ಹಾಕುವ ಸುಣ್ಣದ ಗೆರೆ ಇದ್ದಂತೆ ಅದು. ಸುಣ್ಣದ ಗೆರೆಯೊಳಗೆ ಯಾರೂ ಹಾಸಿಗೆ ಹಾಸುವುದಿಲ್ಲ. ಎರಡನೆಯದು ಹಾಗಲ್ಲ. ಬಣ್ಣ, ಹೊಳಪು, ಒತ್ತಿದರೆ ಒಳಗೆ ಹೋಗುವ ಗುಂಡಿ, ಒಂದು ಪುಟದಿಂದ ಇನ್ನೊಂದಕ್ಕೆ ಜಿಗಿತ. ಹಿಂದುಗಡೆ ಏನೂ ಇಲ್ಲದಿದ್ದರೂ ಎಲ್ಲವೂ ಇದ್ದಂತೆ ಕಾಣುತ್ತಿತ್ತು. ಮೊದಲನೆಯದರ ಕಾಲಮ್ಮಿನಲ್ಲಿ 'ನೋಡಲು ಚೆಂದವಿಲ್ಲ' ಎಂದು ದೋಷ ಬರೆದೆ. ಎರಡನೆಯದರಲ್ಲಿ 'ಥೇಟ್ ನಿಜದಂತೆ' ಎಂದು ಗುಣ ಬರೆದೆ. ಗುಣ ದೋಷ ಅದಲುಬದಲಾಗಿವೆ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಆಗ ಬಂದವರು ಶರಣಪ್ಪನವರು. ಲಾರಿ ಮಾಲೀಕರ ಸಂಘವೊಂದರ ಕಾರ್ಯದರ್ಶಿ. ಜನ ಲಾರಿಗಳ ಮೇಲೆ ಸಿಟ್ಟಾಗಿದ್ದಾರೆ, ಅವರ ದೂರು ಕೇಳುವುದಕ್ಕೆ ವೆಬ್‌ಸೈಟಿನಲ್ಲಿ ಒಂದು ಜಾಗ ಬೇಕು ಎಂದರು. ಸೊಟ್ಟಗೆರೆಯ ನಕ್ಷೆ ತೋರಿಸಿದೆ. ಅದರಲ್ಲಿ ಫೋಟೊ ಬರುವ ಕಡೆ ಒಂದು ಚೌಕ ಹಾಕಿ ಮೂಲೆಯಿಂದ ಮೂಲೆಗೆ ಗೆರೆ ಎಳೆಯುವುದು ಪದ್ಧತಿ. ಶರಣಪ್ಪನವರು ಕನ್ನಡಕ ಏರಿಸಿ ನೋಡಿದರು.

"ಇಲ್ಲಿ ಯಾರ ಫೋಟೊ ಬರ್ತೈತಿ?"

"ನಿಮ್ಮ ಅಧ್ಯಕ್ಷರದು ಸರ್."

"ಮತ್ತ ಅದರ ಮ್ಯಾಲೆ ಕಾಟು ಹೊಡದೀರಲ್ಲ. ಅವರಿಗೆ ಮೊನ್ನೆ ಆಪರೇಷನ್ ಆಗೇತಿ. ತಗೀರಿ ಅದನ್ನ, ಯಾರರ ನೋಡ್ಯಾರು."

ಮಾರನೆಯ ದಿನ ಹೊಳಪಿನ ಸಾಫ್ಟ್‌ವೇರಿನಲ್ಲಿ ಮಾಡಿದ್ದನ್ನು ತೋರಿಸಿದೆ. ಹೆಸರು, ಊರು, ದೂರು ಬರೆದು ಗುಂಡಿ ಒತ್ತಿದರೆ 'ನಿಮ್ಮ ದೂರು ದಾಖಲಾಗಿದೆ. ದೂರು ಸಂಖ್ಯೆ 1' ಎಂದು ಹಸಿರು ಅಕ್ಷರ ಬರುತ್ತಿತ್ತು. ಬರೆದದ್ದು ಎಲ್ಲಿಗೂ ಹೋಗುತ್ತಿರಲಿಲ್ಲ. ಅದು ಬರೀ ಚಿತ್ರ. ಶರಣಪ್ಪನವರಿಗೆ ಭಾಳ ಸೇರಿತು. ನಂಬರ್ ಮಾತ್ರ ಸರಿಬರಲಿಲ್ಲ. "ಒಂದು ಅಂದ್ರ ಯಾರೂ ನಮ್ಮ ಕಡಿ ಬಂದೇ ಇಲ್ಲ ಅಂದಂಗ ಆತು. ನೂರು ಅಂದ್ರ ಮರ್ಯಾದಿ ಹೋಗ್ತೈತಿ. ಇಪ್ಪತ್ತೇಳು ಹಾಕ್ರಿ, ನಕ್ಷತ್ರನೂ ಅಷ್ಟ ಅದಾವ." ಹಾಕಿದೆ. ಅವರ ಸಂಡೂರಿನ ಕಚೇರಿಯಲ್ಲಿ ಎಲ್ಲರೂ ನೋಡಲಿ ಎಂದು ಅದನ್ನು ಇಂಟರ್‌ನೆಟ್ಟಿಗೂ ಏರಿಸಿದೆ.

ಹದಿನೈದು ದಿನ ಬಿಟ್ಟು ನೋಡುತ್ತೇನೆ, ಲಾರಿಗಳ ಹಿಂದಿನ ಹಲಗೆಯ ಮೇಲೆ, 'ಹಾರ್ನ್ ಮಾಡಿ' ಎನ್ನುವುದರ ಕೆಳಗೆ, ಹಳದಿ ಬಣ್ಣದಲ್ಲಿ ಬರೆಸಿದ್ದಾರೆ: 'ದೂರುಗಳಿಗೆ ನಮ್ಮ ವೆಬ್‌ಸೈಟ್', ಅದರ ಪಕ್ಕದಲ್ಲಿ ನಾನು ಏರಿಸಿದ ಚಿತ್ರದ ವಿಳಾಸ. ಓಡಿಹೋಗಿ ಶರಣಪ್ಪನವರಿಗೆ ಫೋನು ಮಾಡಿದೆ. "ಸರ್, ಅದು ಮಾದರಿ ಅಷ್ಟೆ. ನಿಜವಾದದ್ದು ಇನ್ನೂ ಕಟ್ಟಬೇಕು." "ಒತ್ತಿದ್ರ ನಂಬರ್ ಬರ್ತೈತಲ್ಲ?" "ಬರ್ತೈತಿ." "ಮತ್ತೇನು ಕಟ್ಟಾದೈತಿ ಬಿಡ್ರಿ."

ಅಲ್ಲಿಗೆ ನಾನು ಅದನ್ನು ಇಂಟರ್‌ನೆಟ್ಟಿನಿಂದ ಇಳಿಸಬಹುದಿತ್ತು. ಎರಡು ಗುಂಡಿ ಒತ್ತುವ ಕೆಲಸ. ಇಳಿಸಲಿಲ್ಲ. ನಿಜ ಹೇಳಬೇಕೆಂದರೆ ಆ ವಿಳಾಸ ಹೊತ್ತ ಲಾರಿಗಳು ಸಾಲುಗಟ್ಟಿ ಹೋಗುವಾಗ ನನಗೆ ಒಳಗೊಳಗೇ ಹೆಮ್ಮೆ. ಕಂಪ್ಲಿಯಲ್ಲಿರುವ ನನ್ನ ಮಾವನವರೂ ಒಂದು ಲಾರಿಯ ಹಿಂದೆ ಅದನ್ನು ಓದಿ, "ನಮ್ಮ ಅಳಿಯಂದಿರ ಕೆಲಸ" ಎಂದು ಪಕ್ಕದವರಿಗೆ ತೋರಿಸಿದರಂತೆ. ಅವರು ನನ್ನ ಬಗ್ಗೆ ಒಳ್ಳೆಯ ಮಾತಾಡಿದ್ದು ಅದೇ ಮೊದಲು.

ಶಾರದಾ ಟೀಚರು ಪಾಪಿನಾಯಕನಹಳ್ಳಿಯ ಕಡೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಹೊಸಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವರು. ಪ್ರಶ್ನೆಪತ್ರಿಕೆ ಟೈಪು ಮಾಡಿಸಲು ನನ್ನಲ್ಲಿಗೇ ಬರುತ್ತಿದ್ದರು. ಶಾಲೆಯ ಮುಂದೆಯೇ ಅದಿರಿನ ಲಾರಿಗಳು ಹಾದುಹೋಗುತ್ತಿದ್ದವು, ರಸ್ತೆಯ ಆಚೆ ನಲ್ಲಿ. "ಹಂಪಿ ನೋಡಾಕ ದುನಿಯಾನೇ ಬರ್ತೈತಿ. ನಮ್ಮ ಸಾಲಿ ಮುಂದ ಒಂದು ಹಂಪ್ ಹಾಕಸಾಕ ಯಾರೂ ಇಲ್ರಿ" ಎಂದು ನಗುತ್ತಿದ್ದರು. ಊರವರ ಸಹಿ, ಹೆಬ್ಬೆಟ್ಟು ಎಲ್ಲ ಹಾಕಿಸಿ ತಹಶೀಲ್ದಾರರಿಗೆ ಕೊಡಲು ಒಂದು ಅರ್ಜಿಯನ್ನೂ ಬರೆದಿಟ್ಟಿದ್ದರು. ಒಂದು ದಿನ ಬಂದವರು, "ಇನ್ನ ಅರ್ಜಿ ಬ್ಯಾಡರಿ. ಲಾರಿ ಹಿಂದ ನೋಡಿ ಕಂಪ್ಯೂಟರಿನ್ಯಾಗ ಹಾಕೀನಿ, ನಂಬರ್ ಕೊಟ್ಟಾರ" ಎಂದು ಚೀಟಿ ತೋರಿಸಿದರು. ಇಪ್ಪತ್ತೇಳು.

ನನ್ನ ಬಾಯಿ ತೊದಲಬೇಕಿತ್ತು. ತೊದಲಲಿಲ್ಲ. "ಬರ್ತಾರ ಟೀಚರ್, ಸ್ವಲ್ಪ ತಡ ಆಗ್ತೈತಿ" ಎಂದೆ.

ತಿಂಗಳಾದ ಮೇಲೆ ಮತ್ತೆ ಬಂದರು, ಇನ್ನೂ ಖುಷಿಯಿಂದ. ಯಾರೂ ಬಾರದ್ದಕ್ಕೆ ಮತ್ತೊಮ್ಮೆ ದೂರು ಹಾಕಿದ್ದರು. "ಅದೇ ನಂಬರ್ ಬಂತು ನೋಡ್ರಿ. ಅಂದ್ರ ನಮ್ಮ ಸಾಲೀನ ನೆನಪಿಟ್ಟಾರ." ನಾನು ಪ್ರಶ್ನೆಪತ್ರಿಕೆಯಲ್ಲಿ ಒತ್ತಕ್ಷರ ತಿದ್ದುತ್ತಾ ಕೂತೆ. ಅವರ ಅರ್ಜಿ ಶಾಲೆಯ ಬೀರುವಿನಲ್ಲೇ ಉಳಿಯಿತು.

ಆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಈರಮ್ಮ ಒಂದು ಬೆಳಿಗ್ಗೆ ಕೊಡ ಹಿಡಿದು ನಲ್ಲಿಗೆ ರಸ್ತೆ ದಾಟುವಾಗ ಲಾರಿ ಹಾಯಿತು. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಮೊಣಕಾಲಿನ ಮೇಲಕ್ಕೆ ತೆಗೆದರು. ಇದನ್ನು ನನಗೆ ಹೇಳಿದ್ದು ಶಾರದಾ ಟೀಚರೇ. ಹೇಳುವುದಕ್ಕೆ ಬಂದಿರಲಿಲ್ಲ, ಕೆಲಸದ ಮೇಲೆ ಬಂದಿದ್ದರು. "ನಾವು ಮೊದಲ ಹೇಳಿದ್ವಿ ಅನ್ನಾಕ ದಾಖಲಿ ಬೇಕಂತ್ರಿ ಪೊಲೀಸ್ರಿಗೆ. ನಮ್ಮ ಇಪ್ಪತ್ತೇಳು ನಂಬರಿಂದು ತಗದು ಪ್ರಿಂಟ್ ಹೊಡಕೊಡ್ರಿ."

ಆಗ ಹೇಳಿದೆ. ಅದು ದೂರು ಅಲ್ಲ, ದೂರಿನ ಚಿತ್ರ. ಯಾರು ಏನು ಬರೆದರೂ ಇಪ್ಪತ್ತೇಳೇ ಬರುತ್ತದೆ. ಮಾಡಿದವನು ನಾನು. ಅವರಿಗೆ ಅರ್ಥವಾಗಲಿಲ್ಲವೆಂದು, 'ಅಆಇಈ' ಎಂದು ಒತ್ತಿ ತೋರಿಸಿದೆ. ಹಸಿರು ಅಕ್ಷರ ಬಂತು: ನಿಮ್ಮ ದೂರು ದಾಖಲಾಗಿದೆ.

"ಹಂಗಾರ ನಾ ಎರಡು ಸಲ ಬರದಿದ್ದು ಎಲ್ಲಿ ಹೋತ್ರಿ?" ಎಂದರು.

"ಎಲ್ಲೂ ಹೋಗಿಲ್ಲ ಟೀಚರ್."

ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಹೋದರು. ಬೀರುವಿನ ಅರ್ಜಿಯನ್ನು ತಹಶೀಲ್ದಾರರಿಗೆ ಕೊಟ್ಟರು. ವಾರದೊಳಗೆ ಶಾಲೆಯ ಮುಂದೆ ಹಂಪ್ ಬಂತು. ಅಷ್ಟು ಸುಲಭವಾಗಿ ಬರುವಂಥದ್ದಾಗಿತ್ತು ಅದು. ಪ್ರಶ್ನೆಪತ್ರಿಕೆಗಳು ಬೇರೆ ಅಂಗಡಿಗೆ ಹೋದವು.

ಚಿತ್ರವನ್ನು ಅವತ್ತೇ ಇಳಿಸಿದೆ. ಈಗಲೂ ಈ ಕೆಲಸಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಹೊಸಬರು ಕೇಳುತ್ತಾರೆ. ಗೆರೆ ಸೊಟ್ಟಗಿರುವುದನ್ನು ತಗೊಳ್ಳಿ ಎನ್ನುತ್ತೇನೆ. ನನಗೆ ರುಚಿಯಿಲ್ಲ ಎಂದುಕೊಂಡು ಹೋಗುತ್ತಾರೆ.

ಟೀಚರ ಚೀಟಿಯ ಕಥೆ ಊರಲ್ಲಿ ಹಬ್ಬಿ, ಆ ಹಂಪ್‌ಗೂ ಅಲ್ಲಿನ ಬಸ್ ಸ್ಟಾಪಿಗೂ ಇಪ್ಪತ್ತೇಳು ಎಂದೇ ಹೆಸರು ನಿಂತಿದೆ. ನಾನು ಕಟ್ಟಿದ್ದರಲ್ಲಿ ಜನರ ಬಾಯಲ್ಲಿ ಉಳಿದದ್ದು ಇದೊಂದೇ. ಈರಮ್ಮ ಅಲ್ಲೇ ಗೂಡಂಗಡಿ ಹಾಕಿಕೊಂಡು ಕೂತಿರುತ್ತಾಳೆ. ಮೊನ್ನೆ ಬಳ್ಳಾರಿಗೆ ಹೋಗಲು ಕೂತಿದ್ದ ಬಸ್ಸು ಆ ದಾರಿಯಾಗಿ ಹೋಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಇಪ್ಪತ್ತೇಳು ಯಾರ್ರಿ?" ಎಂದು ಕೂಗಿದ. ನನಗೇ ತಿಳಿಯದಂತೆ ಕೈ ಎತ್ತಿದೆ. ಬಸ್ಸು ನಿಂತಿತು. ಗೂಡಂಗಡಿಯಿಂದ ಈರಮ್ಮ ತಲೆ ಎತ್ತಿ, ಯಾರು ಇಳಿಯುತ್ತಾರೆಂದು ನೋಡಿದಳು. ನಾನು ಸೀಟು ಬಿಟ್ಟು ಏಳಲಿಲ್ಲ.

"ನಂದು ಬಳ್ಳಾರಿರಿ" ಎಂದೆ.

"ಮತ್ತ ಕೈ ಯಾಕ ಎತ್ತಿದ್ರಿ?" ಎಂದು ಗೊಣಗಿ, ಕಂಡಕ್ಟರ್ ಸೀಟಿ ಊದಿದ.