ಇನ್ನೂ ಆಗದ ಮಂತ್ರಿಗೆ ಹಾರ್ದಿಕ ಅಭಿನಂದನೆಗಳು

ಸೇಡಂ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಫ್ಲೆಕ್ಸ್ ಅಂಗಡಿ. ಟಿವಿಯಲ್ಲಿ ಕೆಂಪು ಪಟ್ಟಿ ಓಡಿದರೆ ಸಾಕು, ನನ್ನ ಮೆಟ್ಟಿಲ ಮೇಲೆ ಚಪ್ಪಲಿ ಬಿದ್ದವೆಂದೇ ಲೆಕ್ಕ. ಯಾರಿಗೋ ಟಿಕೆಟ್ ಆಯಿತಂತೆ, ಯಾರೋ ರಾಜೀನಾಮೆ ಕೊಟ್ಟರಂತೆ, ಯಾರನ್ನೋ ಹಿಡಿದರಂತೆ. ಈ ‘ಅಂತೆ’ ಎಂಬುದು ಬಾಗಿಲಲ್ಲೇ ಉದುರಿಹೋಗುತ್ತದೆ. ಒಳಗೆ ಬಂದ ಮೇಲೆ ಎಲ್ಲವೂ ಖಾತ್ರಿ. “ಸಂಜೀತನ ತಡೀರಿ” ಅಂತ ನಾನು ಹೇಳುತ್ತಲೇ ಇರುತ್ತೇನೆ, ಸಂಜೆಯ ತನಕ ಕಾದರೆ ಖರೆ ಸುಳ್ಳು ಗೊತ್ತಾಗುತ್ತದೆ. “ನಿನಗ ಆಗಲ್ಲಂದ್ರ ಹೇಳು, ಮುಂದಿನ ಅಂಗಡಿ ತೆರದೇ ಅದ” ಅನ್ನುತ್ತಾರೆ. ಜನ ತಾಳ್ಮೆಯಿಂದ ಸುದ್ದಿ ಕೇಳತೊಡಗಿದರೆ ನನ್ನ ಮಷೀನಿಗೆ ಜೇಡ ಬಲೆ ಕಟ್ಟುತ್ತದೆ. ಹೀಗಾಗಿ ಬುದ್ಧಿ ಹೇಳುವ ಕೆಲಸ ನನ್ನದಲ್ಲ. ಆದದ್ದನ್ನಷ್ಟೇ ಹೇಳುತ್ತೇನೆ.

ಹುಟ್ಟಿದ ದಿನ

ಸಂಪುಟ ರಚನೆಯ ದಿನ. ನಾನು ಶಟರ್ ಎತ್ತುವ ಮೊದಲೇ ನಮ್ಮ ಕಡೆಯ ಮುಖಂಡರೊಬ್ಬರ ಅಭಿಮಾನಿಗಳು ಬಂದು ನಿಂತಿದ್ದರು.

“ನಮ್ಮ ಸಾಹೇಬ್ರು ಮಂತ್ರಿ ಆದ್ರು! ಟಿವಿದಾಗ ಬರಾಕತ್ತದ. ರೋಡಿಗೆ ಅಡ್ಡ ಕಟ್ಟೂವಂಥಾ ದೊಡ್ಡದು ಬೇಕು, ಜಲ್ದಿ.”

“ಪ್ರಮಾಣ ವಚನ ಆಯ್ತೇನ್ರಿ?”

“ಆಗ್ತದಪ. ನೀ ಮೊದಲ ಪ್ರಿಂಟ್ ಹೊಡಿ.”

ಹೊಡೆದೆ. ‘ನೂತನ ಸಚಿವರಿಗೆ ಹಾರ್ದಿಕ ಅಭಿನಂದನೆಗಳು’, ಕೆಳಗೆ ಅಭಿಮಾನಿಗಳ ಮುಖ ಸಾಲುಗಟ್ಟಿ. ಪಟಾಕಿ ಹಾರಿಸಿದರು, ಪೇಡೆ ಹಂಚಿದರು, ನನಗೂ ಒಂದು ಸಿಕ್ಕಿತು. ಮಧ್ಯಾಹ್ನ ಪಟ್ಟಿ ಹೊರಬಿತ್ತು. ಸಾಹೇಬರ ಹೆಸರಿಲ್ಲ. ಅದೇ ಜನ ಅದೇ ಫ್ಲೆಕ್ಸ್ ಸುತ್ತಿಕೊಂಡು ವಾಪಸು ಬಂದರು.

“ಮುಖ ಎಲ್ಲಾ ಛಂದ ಬಂದಾವ. ಅಕ್ಷರ ಅಷ್ಟೇ ಬದಲಿ ಮಾಡು. ‘ಜನ್ಮದಿನದ ಶುಭಾಶಯಗಳು’ ಅಂತ ಮ್ಯಾಲ ಅಂಟಸು.”

“ಸಾಹೇಬ್ರ ಹುಟ್ಟಿದ ದಿನ ಇವತ್ತೇನ್ರಿ?”

“ದೀಪಾವಳಿ ಕಡಿ ಬರ್ತದ. ಈಗ ಯಾರು ಕೇಳ್ತಾರ?”

ಆಗ ಸುಡುಬೇಸಿಗೆ. ಮರುದಿನ ಸಾಹೇಬರು ಬೆಂಗಳೂರಿನಿಂದ ಮುಖ ಸಣ್ಣದು ಮಾಡಿಕೊಂಡು ಬಂದರು. ಕಾರು ಇಳಿದವರೇ ತಲೆ ಎತ್ತಿ ನೋಡಿದರು. ಫ್ಲೆಕ್ಸಿನ ಹಗ್ಗ ಬಿಗಿಯುತ್ತಿದ್ದ ನನಗೆ ಅವರ ಮಾತು ಸ್ಪಷ್ಟ ಕೇಳಿಸಿತು.

“ನಾ ಯಾಕರ ಹುಟ್ಟಿದೆ ಅಂತ ದಾರಿ ತುಂಬ ಯೋಚನಿ ಮಾಡ್ಕೋತ ಬಂದೆ. ಈ ಮಕ್ಕಳು ಅದಕ್ಕೂ ಫ್ಲೆಕ್ಸ್ ಹಾಕ್ಯಾರ!”

ಮಾಸ್ತರರ ಸಿಟ್ಟು

ಚಿತ್ತಾಪುರ ಕಡೆಯ ನಿವೃತ್ತ ಮಾಸ್ತರರೊಬ್ಬರು ಹೆಂಡತಿಯನ್ನು ಕರಕೊಂಡು ಸೇಡಂಗೆ ಸೀರೆ ಕೊಳ್ಳಲು ಬಂದವರು, ದಾರಿಯಲ್ಲಿ ಫೋನು ನೋಡಿ ಸೀದಾ ನನ್ನ ಅಂಗಡಿಗೆ ನುಗ್ಗಿದರು. ವಿರೋಧ ಪಕ್ಷದ ನಾಯಕನೊಬ್ಬ ಭಾಷಣದಲ್ಲಿ, ಬಡವರಿಗೆ ಪುಕ್ಕಟೆ ಕೊಟ್ಟರೆ ಮೈಗಳ್ಳರಾಗುತ್ತಾರೆ ಎಂದಿದ್ದ. ಆ ವಿಡಿಯೊ ಮಾಸ್ತರರ ಫೋನಿಗೆ ಆಗಷ್ಟೇ ಬಂದಿತ್ತು.

“ಇದು ಮನುಷಾ ಆಡೂ ಮಾತೇನು? ‘ಬಡವರ ವೈರಿಗೆ ಧಿಕ್ಕಾರ’ ಅಂತ ದಪ್ಪ ಅಕ್ಷರದಾಗ ಹೊಡಿ. ನಾ ಇವತ್ತೇ ಸರ್ಕಲ್ಲಿನಾಗ ಕುಂದ್ರತೀನಿ.”

ಫೋನನ್ನು ನಮ್ಮೆಲ್ಲರ ಮೂಗಿಗೆ ಹಿಡಿದು ತೋರಿಸಿದರು. ಅವರ ಹೆಂಡತಿಯ ಮೂಗಿಗೂ ಹಿಡಿದರು. ಆಕೆ ಕಣ್ಣು ಕಿರಿದು ಮಾಡಿ ನೋಡಿದರು.

“ಏನ್ರಿ, ಅವನ ಹಿಂದ ನಿಂತು ಚಪ್ಪಾಳಿ ಬಡ್ಯಾಕತ್ತವರು ನೀವೇ ಅಲ್ಲೇನು? ಆ ಅಂಗಿ ನಾನೇ ಹೊಲಿಸಿದ್ದು.”

ವಿಡಿಯೊ ಹಳೆಯದು. ಆ ನಾಯಕ ಆಗ ಮಾಸ್ತರರ ಪಕ್ಷದಲ್ಲೇ ಇದ್ದ. ಮಾಸ್ತರರು ಮತ್ತೆ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ಫೋನನ್ನು ಜೇಬಿಗಿಳಿಸಿ, ಬೀದಿ ಕಡೆ ಮುಖ ಮಾಡಿ ಹೇಳಿದರು.

“ಆವಾಗ ಆ ಮಾತಿಗೆ ಅರ್ಥ ಇತ್ತು.”

ವಾಡಿಯಲ್ಲಿ ಬಿದ್ದ ಹಲ್ಲು

ವಾಡಿ ಸ್ಟೇಷನ್ ಎದುರಿನ ಚಹಾದ ಅಂಗಡಿ. ಅಲ್ಲಿ ಇಬ್ಬರು ಗೆಳೆಯರು, ಒಬ್ಬ ಆಟೋದವ, ಇನ್ನೊಬ್ಬ ಸಿಮೆಂಟ್ ಲಾರಿ ಡ್ರೈವರ್. ಚಿಕ್ಕಂದಿನಿಂದ ಒಂದೇ ಕಪ್ಪಿನ ಚಹಾ ಬಸಿಯಲ್ಲಿ ಹಂಚಿಕೊಂಡು ಕುಡಿದವರು. ಪಕ್ಷವೂ ಒಂದೇ. ಆದರೆ ಆಟೋದವನ ನಾಯಕ ಬೇರೆ, ಡ್ರೈವರನ ನಾಯಕ ಬೇರೆ. ಆ ಇಬ್ಬರು ನಾಯಕರೂ ಜೊತೆಗೆ ನಗುತ್ತಿರುವ ಫ್ಲೆಕ್ಸನ್ನು ಎದುರಿನ ಕಂಬಕ್ಕೆ ಕಟ್ಟಲು ನಾನು ಹೋಗಿದ್ದೆ.

ಅಷ್ಟರಲ್ಲಿ ಅಂಗಡಿಯ ಟಿವಿ ಕಿರುಚಿತು. ‘ನಾಯಕರಿಬ್ಬರ ನಡುವೆ ಬಿರುಕು! ಬೆನ್ನಿಗೆ ಚೂರಿ!’ ಯಾರು ಯಾರಿಗೆ ಚೂರಿ ಹಾಕಿದರು ಅಂತ ಟಿವಿ ಹೇಳಲಿಲ್ಲ. ಇವರು ಕಾಯಲಿಲ್ಲ.

“ನಿಮ್ಮವ ಮೊದಲಿಂದ ದಗಾಖೋರ.”

“ನಿಮ್ಮವನ ಹಣೇಬರಹ ನಮಗ ಗೊತ್ತಿಲ್ಲೇನು?”

ಮಾತು ನಾಯಕರಿಂದ ಅಪ್ಪಂದಿರಿಗೆ ಇಳಿಯಿತು. ಆಟೋದವ ಕೈಗೆ ಸಿಕ್ಕ ಸ್ಟೀಲ್ ಜಗ್ಗು ಬೀಸಿದ. ಡ್ರೈವರನ ಮುಂದಿನ ಹಲ್ಲು ಬೆಂಚಿನ ಕೆಳಗೆ ಹಾರಿತು. ನಾವು ಬಗ್ಗಿ ಹಲ್ಲು ಹುಡುಕುತ್ತಿರುವಾಗ ಟಿವಿ ಮತ್ತೆ ಕಿರುಚಿತು. ನಾಯಕರಿಬ್ಬರೂ ಒಂದೇ ತಟ್ಟೆಯ ಮುಂದೆ ಕೂತಿದ್ದಾರೆ, ಇವರ ಬಾಯಿಗೆ ಅವರು ಜಿಲೇಬಿ ಇಡುತ್ತಿದ್ದಾರೆ. ಬಿರುಕು ಎಂಬುದೆಲ್ಲ ಮಾಧ್ಯಮದವರ ಸೃಷ್ಟಿಯಂತೆ.

ಆಟೋದವ ಜಗ್ಗು ಕೆಳಗಿಟ್ಟು ಗೆಳೆಯನ ಹೆಗಲ ಮೇಲೆ ಕೈ ಹಾಕಿದ. “ಆಗಿದ್ದು ಆಯ್ತು ದೋಸ್ತ. ನೋಡು, ಅವರು ಜಿಲೇಬಿ ತಿನ್ನಾಕತ್ತಾರ.”

ಡ್ರೈವರ್ ಬಾಯಿಗೆ ಒತ್ತಿದ್ದ ಟವೆಲ್ ತೆಗೆದು ಕೇಳಿದ. “ನಾ ಯಾವ ಹಲ್ಲಿಲೆ ತಿನ್ಲಿ?”

ನಾಯಕರು ಇಂದಿಗೂ ಒಂದೇ ಕಾರಿನಲ್ಲಿ ತಿರುಗುತ್ತಾರೆ. ಇವರಿಬ್ಬರು ಎದುರಾದರೆ ಒಬ್ಬ ಗಲ್ಲಿ ಬದಲಿಸುತ್ತಾನೆ.

ಅದೇ ಹೆಸರು

ಇದನ್ನು ಹೇಳುವಾಗ ನನಗೆ ಪೂರ್ತಿ ನಗು ಬರುವುದಿಲ್ಲ.

ಶಹಾಬಾದದಲ್ಲಿ ನನ್ನ ಕಾಕಾ ಇದ್ದಾರೆ, ಕಲ್ಲು ಪಾಲಿಶ್ ಮಾಡಿಸುವ ಕೆಲಸ. ಅವರ ಮಗಳ ಲಗ್ನ ಒಬ್ಬ ಇಂಜಿನಿಯರರ ಮಗನ ಜೊತೆ ಗೊತ್ತಾಗಿತ್ತು. ಹುಡುಗ ಹುಡುಗಿ ಇಬ್ಬರೂ ಒಪ್ಪಿ, ಫೋನಿನಲ್ಲಿ ಮಾತಾಡುವಷ್ಟು ಸಲಿಗೆಯೂ ಆಗಿತ್ತು. ನಿಶ್ಚಯದ ಫ್ಲೆಕ್ಸ್ ನನ್ನ ಮಷೀನಿನ ಮೇಲಿತ್ತು. ಹುಡುಗನ ಮುಖ ಬಂದು ಹುಡುಗಿಯ ಮುಖ ಅರ್ಧ ಬಂದಿತ್ತು, ಆಗ ಕಾಕಾನ ಫೋನು.

“ನಿಲ್ಲಸು! ಬೀಗರ ಮನಿ ಮ್ಯಾಲ ರೇಡ್ ಬಿದ್ದದ, ಅವರನ್ನ ಹಿಡಕೊಂಡು ಹೋಗ್ಯಾರ. ಮಂತ್ರಿ ಹಗರಣದಾಗ ಇವರದೂ ಕೈ ಅದಂತ. ಟಿವಿದಾಗ ಹೆಸರು ಬರಾಕತ್ತದ. ಅದೇ ಹೆಸರು, ಅದೇ ಇಲಾಖೆ.”

“ಕಾಕಾ, ಫೋಟೋ ತೋರಿಸ್ಯಾರೇನು? ಒಂದು ಸಂಜೀತನ ತಡೀರಿ.”

“ಸಂಜೀತನ ನನ್ನ ಮಾನ ತಡಿತದೇನು?”

ಬೀಗರಿಗೆ ಕಾಕಾ ತಾವೇ ಫೋನು ಹಚ್ಚಿ, ಟಿವಿಯ ಸುದ್ದಿ ಹೇಳಿ, ಸಂಬಂಧ ಮುರಿಯಿತು ಅಂತ ಹೇಳಿಬಿಟ್ಟರು. ಊರಿಗೆ ಕೇಳಲಿ ಅಂತ ಸ್ಪೀಕರ್ ಹಾಕಿ ಹೇಳಿದರು. ಸಂಜೆ ಟಿವಿಯಲ್ಲಿ ಫೋಟೋ ಬಂತು. ಯಾರೋ ಬೇರೆ ಜಿಲ್ಲೆಯ ಬೋಳುತಲೆಯ ಮನುಷ್ಯ.

ಮರುದಿನ ಕಾಕಾ ಹಣ್ಣಿನ ಬುಟ್ಟಿ ಹಿಡಕೊಂಡು ಬೀಗರ ಮನೆಗೆ ಹೊರಟರು. ಒಬ್ಬರೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಕರಕೊಂಡರು. ಇಂಜಿನಿಯರು ಬೈಯಲಿಲ್ಲ. “ಬರ್ರಿ, ಕುಂದ್ರಿ” ಅಂದರು, ಚಹಾ ತರಿಸಿದರು. ಕುಡಿದಾದ ಮೇಲೆ ಮಾತು ತೆಗೆದರು.

“ನನ್ನ ಹಿಡಕೊಂಡು ಹೋದ್ರು ಅಂತ ನನಗೇ ಫೋನ್ ಹಚ್ಚಿ ಹೇಳಿದ್ರಿ,” ಅಂದರು. “ಫೋನ್ ಎತ್ತಿದವನು ನಾನೇ ಇದ್ದೆನಲ್ಲರಿ. ಮನಿಯಾಗ ಅದೀರೇನು ಅಂತ ಒಂದು ಮಾತು ಕೇಳಬೇಕಿತ್ತು.”

ಹಣ್ಣಿನ ಬುಟ್ಟಿ ನಮ್ಮ ಜೊತೆಗೇ ವಾಪಸು ಬಂತು. ಆ ಹುಡುಗನಿಗೆ ಬೇರೆ ಕಡೆ ಲಗ್ನವಾಯಿತು. ಕಾಕಾನ ಮಗಳು ಬಹಳ ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಕೊನೆಗೊಮ್ಮೆ ಕಾಕಾ ಹೊಸ ಸಂಬಂಧ ತಂದು, ಹುಡುಗನ ಫೋಟೋ ಮುಂದಿಟ್ಟು, “ನಿನಗ ಒಪ್ಪಿಗಿ ಅದೇನವ್ವಾ?” ಅಂತ ಕೇಳಿದರು. ಆಕೆ ಫೋಟೋ ಮುಟ್ಟಲೂ ಇಲ್ಲ.

“ಮೊದಲ ಟಿವಿಗೆ ಕೇಳಿ ಬರ್ರಿ ಅಪ್ಪಾ. ನನ್ನ ಒಪ್ಪಿಗಿ ಆಮ್ಯಾಲ.”

ಠರಾವು

ಚಿಂಚೋಳಿ ತಾಲೂಕಿನ ಒಂದು ಪಕ್ಷದ ಘಟಕಕ್ಕೆ ಚಿಮ್ಮನಚೋಡದ ಹಿರಿಯರೊಬ್ಬರು ಅಧ್ಯಕ್ಷರು. ಕಣ್ಣಿನ ಪೊರೆ ತೆಗೆಸಲು ಹೆಂಡತಿಯ ಜೊತೆ ಹೈದರಾಬಾದಿಗೆ ಹೋದರು. ಫೋನು ನೋಡಬಾರದು ಅಂತ ಡಾಕ್ಟರ್ ಹೇಳಿದ್ದಕ್ಕೆ ಅದನ್ನು ಬಂದ್ ಮಾಡಿಟ್ಟರು.

ಬೆಳಿಗ್ಗೆ ವಾಟ್ಸಾಪಿನಲ್ಲಿ ‘ಅಧ್ಯಕ್ಷರು ಹೈದರಾಬಾದ್ ಆಸ್ಪತ್ರೆಗೆ ದಾಖಲು’ ಅಂತ ಬಂತು. ಅದು ಖರೆಯೇ. ಊಟದ ಹೊತ್ತಿಗೆ ‘ಸ್ಥಿತಿ ಗಂಭೀರ’ ಆಯಿತು. ಚಹಾದ ಹೊತ್ತಿಗೆ ‘ಅಧ್ಯಕ್ಷರು ಇನ್ನಿಲ್ಲ’. ಫೋನು ಹತ್ತಲಿಲ್ಲ. ಮನೆಗೆ ಹೋಗಿ ನೋಡಿದವರು ಬೀಗ ಕಂಡು ಬಂದು, “ಎಲ್ಲಾರೂ ಹೆಣ ತರಾಕ ಹೋಗ್ಯಾರ” ಅಂದರು. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ.

ಮರುದಿನ ಸುಲೇಪೇಟದ ಬಸ್ ಸ್ಟ್ಯಾಂಡ್ ಬಾಜೂಕಿನ ಪಕ್ಷದ ಕಚೇರಿಯಲ್ಲಿ ಶ್ರದ್ಧಾಂಜಲಿ ಸಭೆ. ಫ್ಲೆಕ್ಸ್ ನನ್ನದೇ. ಒಬ್ಬೊಬ್ಬರೂ ಎದ್ದು ಅತ್ತರು. ಅಧ್ಯಕ್ಷರ ಬಗ್ಗೆ ಮೇಲಿನ ನಾಯಕರಿಗೆ ವರ್ಷವಿಡೀ ಚಾಡಿ ಹೇಳಿದ ಉಪಾಧ್ಯಕ್ಷರು ಎಲ್ಲರಿಗಿಂತ ಹೆಚ್ಚು ಅತ್ತರು. ಅಳು ಮುಗಿಯುತ್ತಲೇ ಒಬ್ಬರೆದ್ದು, “ಜಾಗಾ ಖಾಲಿ ಇರಬಾರದು” ಅಂದರು. ಉಪಾಧ್ಯಕ್ಷರೇ ಇನ್ನು ಅಧ್ಯಕ್ಷರು ಅಂತ ಠರಾವು ಆಯಿತು, ಕೈ ಎತ್ತಿದರು, ಹಾರ ಬಿತ್ತು. ಆಮೇಲೆ ಮೌನಾಚರಣೆಗೆ ಎದ್ದು ನಿಂತೆವು.

ಎಲ್ಲರೂ ಕಣ್ಣು ಮುಚ್ಚಿದ್ದೆವು. ನನ್ನ ಪಕ್ಕಕ್ಕೆ ಯಾರೋ ಬಂದು ನಿಂತ ಹಾಗಾಯಿತು. ಕಿವಿಯ ಹತ್ತಿರ ಪಿಸುದನಿ.

“ಯಾರು ಹೋದ್ರಪ?”

“ಚಿಮ್ಮನಚೋಡದ ಅಧ್ಯಕ್ಷರ್ರಿ,” ಅಂದೆ, ಕಣ್ಣು ಮುಚ್ಚಿಕೊಂಡೇ.

“ಅಯ್ಯಯ್ಯ!” ಅಂತ ಆ ದನಿ ಲೊಚಗುಟ್ಟಿತು. ಆಮೇಲೆ, “ಅಲ್ಲಿ ಅಧ್ಯಕ್ಷ ನಾ ಒಬ್ಬನೇ ಅದೀನಲ್ಲ?”

ಕಣ್ಣು ತೆರೆದೆ. ಕರಿ ಕನ್ನಡಕ, ಹೆಗಲಿಗೆ ಚೀಲ. ಊರಿನ ಬಸ್ಸಿಗೆ ಕಾಯುತ್ತಿದ್ದವರು ತಮ್ಮ ಕಚೇರಿಯಲ್ಲಿ ಮಂದಿ ಕಂಡು, ಹೆಂಡತಿಯನ್ನು ಸ್ಟ್ಯಾಂಡಿನಲ್ಲೇ ಕೂಡಿಸಿ, ಒಳಗೆ ಬಂದಿದ್ದರು. ಆ ಕಣ್ಣಿಗೆ ತಮ್ಮದೇ ಆಳೆತ್ತರದ ಫೋಟೋ ಬರೀ ಬಣ್ಣವಾಗಿ ಕಂಡಿರಬೇಕು. ನಾನು ಚೀರಿದೆ. ಮೌನ ಮುರಿಯಿತು. ಒಬ್ಬ ಓಡಿದ, ಇನ್ನೊಬ್ಬ ಕಾಲಿಗೆ ಬಿದ್ದ. ಫ್ಲೆಕ್ಸಿನ ಮುಂದಿನ ಊದುಬತ್ತಿಯನ್ನು ಯಾರೋ ಬಾಯಿಂದ ಊದಿ ಆರಿಸಿದರು.

ಹಿರಿಯರಿಗೆ ಎಲ್ಲ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಕ್ಕರು. ನಗುತ್ತಲೇ ಹೋಗಿ ಅಧ್ಯಕ್ಷರ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು.

“ಆಯ್ತು, ಹೋಗ್ಲಿ ಬಿಡ್ರಿ. ನಾ ಬಂದೀನಲ್ಲ. ಇನ್ನ ಕೆಲಸ ನೋಡಮು.”

ಉಪಾಧ್ಯಕ್ಷರು ಕೊರಳ ಹಾರ ತೆಗೆಯಲಿಲ್ಲ. ಎರಡೂ ಕೈ ಮುಗಿದು, ಭಾಳ ಮರ್ಯಾದೆಯಿಂದ ಹೇಳಿದರು.

“ನೀವು ಜೀವಂತ ಇರೋದು ನಮಗೂ ಸಂತೋಷ ಅದ ಕಾಕಾ. ಆದ್ರ ಈಗೇನು ಮಾಡಾಕ ಬರ್ತದ? ಠರಾವು ಪಾಸಾಗಿಬಿಟ್ಟದ.”