ಮನೆಯಳಿಯ ಉಜ್ಜಿದ ತುಕ್ಕು

ಬೆಳಗಿನ ಊಟ ಮುಗಿಸಿ ತೊಕುಜಿ ಮಾಡಿದ ಮೊದಲ ಕೆಲಸವೆಂದರೆ, ಮಾವನ ಮನೆತನದ ಕತ್ತಿಯ ಹಿಡಿ ಬಿಚ್ಚಿ, ಒಳಗೆ ಅಡಗಿದ್ದ ಬುಡದ ಕಪ್ಪು ತುಕ್ಕನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ತೆಗೆದದ್ದು. ಎಂಟು ವರ್ಷದಿಂದ ಅವನು ಒಸಾಫುನೆ ಊರಿನ ಆ ಮನೆಗೆ ಮನೆಯಳಿಯ. ಅಂದು ಸಂಜೆ ಮಾವ ಕನ್ಬೆಯವರು ಆ ಕತ್ತಿಯನ್ನು ಅವನಿಗೆ ಒಪ್ಪಿಸುವವರಿದ್ದರು. ಒಪ್ಪಿಸಿದರೆ ಅವನು ಮನೆಯ ಯಜಮಾನ. ಇಲ್ಲದಿದ್ದರೆ ಕೊನೆತನಕ ಊಟಕ್ಕೆ ಕೂರುವವನು, ಅಷ್ಟೆ.

ಪಕ್ಕದ ಮನೆಯ ಕ್ಷೌರಿಕ ಹಿರಾಮತ್ಸು ಬೇಲಿಯಾಚೆಯಿಂದ ನೋಡಿ ಬಾಚಣಿಗೆ ಕೆಳಗೆ ಬೀಳಿಸಿದ.

“ಏನ್ ಮಾಡ್ಬಿಟ್ಯೋ ಮಾರಾಯ! ಬುಡದ ತುಕ್ಕು ನೋಡೇ ಕತ್ತಿಗೆ ವಯಸ್ಸು ಕಟ್ಟೋದು. ಮುನ್ನೂರು ವರ್ಷದ ಮುದುಕನ ಗಡ್ಡ ಬೋಳಿಸಿ ತೊಟ್ಟಿಲಲ್ಲಿ ಮಲಗಿಸಿದ್ದೀಯಲ್ಲೋ!”

“ಅಲಗಿನ ಥರ ಬುಡಾನೂ ಹೊಳೀಲಿ ಅಂತ...”

“ಅದನ್ನ ಮುಟ್ಟದೆ ಇರೋದೇ ಅದರ ಆರೈಕೆ ಕಣೋ!”

ಗದ್ದಲ ಕೇಳಿ ಎದುರು ಮನೆಯ ಓನಿಷಿ ಅಜ್ಜಿ ಉಪ್ಪಿನಕಾಯಿ ಜಾಡಿ ಹಿಡಿದೇ ಬಂದಳು. “ಈ ರಸ ಹಚ್ಚು. ನನ್ನ ಕತ್ತರಿಗೆ ಎರಡೇ ಗಂಟೇಲಿ ತುಕ್ಕು ಹಿಡೀತು.”

ಹಚ್ಚಿದ. ಹಿರಾಮತ್ಸು ಅದನ್ನು ಸ್ನಾನದ ಹಂಡೆಯ ಆವಿಗೆ ಹಿಡಿಸಿದ. ಮಧ್ಯಾಹ್ನದ ಹೊತ್ತಿಗೆ ತುಕ್ಕೇನೋ ಬಂತು, ಮಳೆಯಲ್ಲಿ ಮರೆತ ಸೈಕಲ್ಲಿನ ಬಣ್ಣದ್ದು. ಅಜ್ಜಿ ಮೇಲೆ ಮಸಿ ಬಳಿದಳು. ಅದು ಕತ್ತಿಗೆ ಅಂಟಲಿಲ್ಲ, ತೊಕುಜಿಯ ಮೂಗಿಗೆ ಅಂಟಿತು.

“ಹಿಡಿ ಹಾಕಿ ಸುಮ್ಮನಿರು. ಒಳಗೆ ಯಾರು ನೋಡ್ತಾರೆ?” ಎಂದಳು ಅಜ್ಜಿ.

ಮಾವ ನೋಡಿದರು. ಸಂಜೆ ಮಂಡಿಯೂರಿ ಕೂತು, ಕತ್ತಿಗೆ ತಲೆಬಾಗಿ, ಹಿಡಿಯ ಬಿದಿರ ಮೊಳೆ ತೆಗೆದರು. ಬುಡವನ್ನು ಮೂಸಿದರು.

“ಉಪ್ಪಿನಕಾಯಾ?”

“ಹೌದು ಮಾವ. ತಪ್ಪಾಯ್ತು.” ತೊಕುಜಿ ಹಣೆಯನ್ನು ಚಾಪೆಗೆ ಒತ್ತಿದ.

“ನಾನು ಉಜ್ಜಿದಾಗ ಸೋಯಾ ಸಾಸ್ ಹಚ್ಚಿದ್ದೆ. ನಮ್ಮ ಮಾವ ಬೂದಿ ಹಾಕಿ ಉಜ್ಜಿದ್ರು, ಅವರ ಮಾವ ಇಟ್ಟಿಗೆ ಪುಡೀಲಿ. ಈ ಮನೇಲಿ ಹುಟ್ಟೋದೆಲ್ಲ ಹೆಣ್ಣು. ಬರೋ ಅಳಿಯಂದ್ರೆಲ್ಲ ಶ್ರದ್ಧಾವಂತರು.”

ತೊಕುಜಿಗೆ ಹೋದ ಉಸಿರು ಬಂತು. “ಹಾಗಾದ್ರೆ... ಕತ್ತಿ ನನಗೇನಾ?”

“ನಿನಗೇ. ಮೂವತ್ತೆಂಟು ವರ್ಷ ಯಾರಿಗೂ ತೋರಿಸದೆ ತುಕ್ಕು ಬೆಳೆಸಿದ್ದೆ. ಇನ್ನೆರಡು ವರ್ಷ ಹೋಗಿದ್ರೆ ನಾಲ್ಕು ಜನ ಬಲ್ಲವರ ಮುಂದೆ ಇಡಬಹುದಿತ್ತು.” ಮಾವ ಹಿಡಿಯನ್ನು ಮತ್ತೆ ಕೂರಿಸಿ ಮೊಳೆ ಬಡಿದರು. “ಈಗ ನಿನ್ನ ಸರದಿ. ನಲವತ್ತು ವರ್ಷ ಹಿಡಿ ಬಿಚ್ಚಬೇಡ. ಅಷ್ಟರೊಳಗೆ ನಿನ್ನ ಅಳಿಯನ ಕೈಗೆ ಸಿಗದ ಹಾಗೆ ನೋಡ್ಕೋ.”

ತೊಕುಜಿ ಎರಡೂ ಕೈಯಲ್ಲಿ ಕತ್ತಿ ಸ್ವೀಕರಿಸಿ ತಲೆಯೆತ್ತಿದ. ಬಾಗಿಲ ಸಂದಿಯಿಂದ ಅವನ ಮೂವರು ಹೆಣ್ಣುಮಕ್ಕಳು ಇಣುಕಿ ನೋಡುತ್ತಿದ್ದರು.